ಕಾರಿನ ಹಿಂದಿನ ಖಾರ

ಹಾವೇರಿ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿ
೯ ಮಾರ್ಚ್ ೨೦೨೫, ರವಿವಾರ

ನನ್ನವ್ವಾ,

ದಮ್ಮು ಹೇಗಿದೆ? ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತೀಯೋ, ಇಲ್ಲಾ ಇನ್ನೂ ಗೋಡೆಗೆ ದಿಂಬು ಕೊಟ್ಟು ಕುಳಿತೇ ಬೆಳಗು ಮಾಡುತ್ತೀಯೋ? ಡಾಕ್ಟರರು ಕೊಟ್ಟ ಪಂಪನ್ನು ಹೊತ್ತಿಗೆ ಸರಿಯಾಗಿ ಬಾಯಿಗೆ ಹಿಡಿಯುತ್ತೀ ತಾನೆ? “ಇದೇನ, ತಗಣಿಗೆ ಹೊಡಿಯೂ ಎಣ್ಣಿ ಏನ?” ಎಂದು ನೀನು ಅದನ್ನು ಸೆರಗಿನಲ್ಲಿ ಬಚ್ಚಿಟ್ಟದ್ದು ಅಕ್ಕನ ಬಾಯಿಂದ ಗೊತ್ತಾಯಿತು. ನಾನು ಆರಾಮ. ನಿನ್ನ ಸೊಸೆ ಅರುಣಾಳೂ ಆರಾಮ, ಅಂದರೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದರಿಂದ ಅವಳ ಗಂಟಲಿಗೂ ನನ್ನ ಕಿವಿಗೂ ಆರಾಮ. ಸಾಲೆಯಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳಿ ಬಂದು ನನ್ನನ್ನು ನಲವತ್ತೊಂದನೆಯವನ ಹಾಗೆ ನೋಡುತ್ತಾಳೆ. ಹೋದ ವಾರ ಒಂದೇ ಒಂದು ಮಾತು ಆಡಿದಳು: “ನಮ್ಮ ಮನ್ಯಾಗ ಗಾಡಿ ಅದಾವೋ, ಗಾಡ್ಯಾಗ ಮನಿ ಐತೋ, ಅಷ್ಟು ಹೇಳಿಬಿಡ್ರಿ.”

ಹೊಸರಿತ್ತಿಗೆ, ಅಕ್ಕನ ಮನೆಗೆ ಬರುವವನು ಹಾವೇರಿಯಲ್ಲಿ ಕುಳಿತು ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಕೇಳುತ್ತೀ. ನಿನ್ನನ್ನು ನೋಡಲೆಂದೇ ರಾಣೆಬೆನ್ನೂರು ಬಿಟ್ಟೆ. ಎರಡು ಸಲ ಸ್ನಾನ ಮಾಡಿ, ಮಡಿಕೆ ಮುರಿಯದ ಹೊಸ ಅಂಗಿ ಹಾಕಿಕೊಂಡೇ ಹೊರಟಿದ್ದೆ. ಇಲ್ಲಿ ಇಳಿದು ಹೊಸರಿತ್ತಿ ಬಸ್ಸು ಹತ್ತಿ ಕುಳಿತೆ, ಸೆಕೆಯೆಂದು ಹೆಗಲ ಮೇಲಿನ ಟವೆಲು ತೆಗೆದು ಕೊಡವಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಸೀನಿದಳು. ಹಿಂದಿನ ಸೀಟಿನ ಮುದುಕಪ್ಪನೂ ಸೀನಿದ. ಕಂಡಕ್ಟರು ಟಿಕೀಟು ಹರಿಯುವ ಮೊದಲು ಕೆಮ್ಮಿ, “ಯಪ್ಪಾ, ಮೆಣಸಿನಕಾಯಿ ಮಾರ್ಕೆಟ್ಟು ಹೊತಗೊಂಡ ಬಂದೀಯೇನು?” ಅಂದ. ಇಳಿದುಬಿಟ್ಟೆ. ಈ ಹಾಳೆ, ಈ ಪೆನ್ನು, ಈ ಲಕೋಟೆ ಎಲ್ಲವನ್ನೂ ಇಲ್ಲೇ ಕೊಂಡಿದ್ದೇನೆ, ನಮ್ಮ ಮನೆಯ ಗಾಳಿ ಇವಕ್ಕೆ ತಾಗಿಲ್ಲ, ನಿರ್ಭಯವಾಗಿ ಮುಟ್ಟು. ಫೋನಿನಲ್ಲಿ ಮಾತಾಡಿದರೆ ನಿನಗೆ ದಮ್ಮು ಹತ್ತುತ್ತದೆ ಎಂದು ಅಕ್ಕ ಅದನ್ನೂ ಬೇಡ ಅಂದಿದ್ದಾಳೆ. ಉಳಿದದ್ದು ಅಂಚೆಯಣ್ಣ ಒಬ್ಬನೇ.

ಶೇಖವ್ವಕ್ಕಾ, ಇದನ್ನು ಓದಿ ಹೇಳುವವಳು ನೀನೇ. ಸಿಟ್ಟು ಬಂದ ಸಾಲುಗಳನ್ನು ನುಂಗಿ ಓದಬೇಡ. ಹೋದ ಅಮಾವಾಸ್ಯೆಗೆ ನಾನು ಬಂದಾಗ ನೀನು ಬಾಗಿಲಿಗೆ ಅಡ್ಡ ನಿಂತು, “ತಮ್ಮಾ, ನೀ ಬಂದು ಹೋದ ಮ್ಯಾಲೆ ಎರಡು ದಿನ ಅವ್ವಗ ಉಸಿರಾಟ ಆಗೂದಿಲ್ಲ. ಹಂಗ ಹೋಗಿಬಿಡು” ಅಂದೆಯಲ್ಲ, ಒಳಗಿನಿಂದ ಅವ್ವ “ಯಾರವ್ವಾ?” ಎಂದು ಕೇಳಿದಳು. “ಯಾರಿಲ್ಲಬೇ, ಹಾಲಿನಾಂವ” ಅಂದಿ. ನಾನು ಹಾಲಿನವನಾಗಿಯೇ ತಿರುಗಿ ಹೋದೆ. ಅವ್ವಾ, ಅವತ್ತು ಬಂದವನು ನಾನು. ಅಕ್ಕನದೇನೂ ತಪ್ಪಿಲ್ಲ. ಅವಳು ನಿನ್ನ ಉಸಿರು ಕಾಯುತ್ತಿದ್ದಾಳೆ, ನಾನು ಕಾಯಬೇಕಾಗಿದ್ದದ್ದನ್ನು.

ಇನ್ನು ಮನೆಯ ಸುದ್ದಿ. ಅಪ್ಪನ ಫಿಯಟ್ ಕಾರು ನೀನು ಹೋದಾಗ ಎಲ್ಲಿತ್ತೋ ಅಲ್ಲೇ ಇದೆ, ಆದರೆ ಒಂದೇ ಕಡೆ ಇಲ್ಲ. ಇಂಜಿನ್ನು ಬೇವಿನ ಟೊಂಗೆಗೆ ಸರಪಳಿಯಲ್ಲಿ ನೇತಾಡುತ್ತಿದೆ. ಬಾಗಿಲು ನಾಲ್ಕೂ ದೇವರ ಕೋಣೆಯಲ್ಲಿ ಒರಗಿವೆ. ನೀನು ಸಂಡಿಗೆ ಒಣಹಾಕುತ್ತಿದ್ದ ಮುಂದಿನ ಮುಚ್ಚಳ ಬಚ್ಚಲಲ್ಲಿದೆ, ಸೀಟು ನಮ್ಮ ಮಂಚದ ಕೆಳಗೆ. ಕಾರಿನ ಹಿಂದೆ ಕಟ್ಟಿ ಎಳೆಯಲೆಂದು ನಾನು ತಂದ ಗಾಲಿಮನೆಯೋ, ಗಾಲಿ ಕಳಚಿ ಇಟ್ಟಂಗಿಯ ಮೇಲೆ ಕೂತಿದೆ. ಮನೆಯಲ್ಲಿ ಇರುವುದು ಒಂದೇ ಜಾಕು. ಕಾರು ಎತ್ತಿದರೆ ಗಾಲಿಮನೆ ಇಳಿಯಬೇಕು, ಗಾಲಿಮನೆ ಎತ್ತಿದರೆ ಕಾರು ಇಳಿಯಬೇಕು. ಒಂದು ವರ್ಷದಿಂದ ನಾನು ಮಾಡಿದ ಕೆಲಸವೆಂದರೆ ಆ ಜಾಕನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೊತ್ತದ್ದು. ‘ಕಾರಿಗೆ ಬಾಗಿಲಿಲ್ಲ, ಮನೆಗೆ ಗಾಲಿಯಿಲ್ಲ, ಮಾಲಕನಿಗೆ ತಲೆಯಿಲ್ಲ’ ಎಂದು ಬೋರ್ಡು ಬರೆದು ಕಟ್ಟೋಣವೆಂದಿದ್ದೆ. ಬೋರ್ಡು ಬರೆಯುವವನ ಮನೆಯಲ್ಲೇ ಬೋರ್ಡಿಗೆ ಜಾಗವಿಲ್ಲ.

ಇದೆಲ್ಲ ಶುರುವಾದದ್ದು ನಿನ್ನ ಒಂದು ಮಾತಿನಿಂದ ಎಂದು ಹೇಳಿದರೆ ತಪ್ಪು ನಿನ್ನ ತಲೆಗೆ ಕಟ್ಟಿದಂತಾಗುತ್ತದೆ, ಆದರೂ ಹೇಳುತ್ತೇನೆ. ಅರಳೆ ಮಿಲ್ಲಿನ ಸಾಹುಕಾರರು ಹೊಸ ಗಾಡಿ ತಂದು ಹಳೆಯದರ ಕೀಲಿಕೈಯನ್ನು ತಮ್ಮ ಡ್ರೈವರನಾಗಿದ್ದ ಅಪ್ಪನ ಕೈಗೆ ಇಟ್ಟ ದಿನ, ಅಪ್ಪ ನಿನ್ನನ್ನು ಸಮುದ್ರ ನೋಡಲು ಗೋಕರ್ಣಕ್ಕೆ ಕರೆದ. ನೀನು ಹೋಗಲಿಲ್ಲ. ಹೋಟೆಲಿನ ಅನ್ನ ಮುಟ್ಟದವಳು, ಕಂಡಲ್ಲಿ ನೀರು ಕುಡಿಯದವಳು, ಕದರಮಂಡಲಗಿ ಹಣಮಪ್ಪನ ದರ್ಶನ ಮಾಡಿ ಉಪವಾಸವೇ ಮನೆಗೆ ಬಂದು ಒಲೆ ಹಚ್ಚುವವಳು. “ಅಡಗಿಮನಿ ಹಿಂದ ಬರ್ತೈತಿ ಅಂದ್ರ ನಾ ಎಲ್ಲಿಗ್ಯಾದ್ರೂ ಬರ್ತೇನಿ” ಅಂದಿದ್ದಿ. ಅಪ್ಪ ನಕ್ಕ. ಅವನು ಹೋಗಿ ಒಂಬತ್ತು ವರ್ಷವಾಯಿತು, ಆ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಿರುವಾಗ ಹೋದ ವರ್ಷ ಬ್ಯಾಡಗಿಗೆ ಒಬ್ಬ ದಲಾಲರ ಅಂಗಡಿಯ ಹೆಸರು ಬರೆಯಲು ಹೋದೆ. ಹಿತ್ತಲಲ್ಲಿ ಅದು ನಿಂತಿತ್ತು. ಎರಡು ಗಾಲಿ, ಎರಡು ಕಿಟಕಿ, ಒಂದು ಬಾಗಿಲು, ಮುಂದೆ ಕಾರಿಗೆ ಸಿಕ್ಕಿಸುವ ಕೊಂಡಿ. ಯಾವುದೋ ನಾಟಕ ಕಂಪನಿ ಬಿಟ್ಟುಹೋದದ್ದಂತೆ, ಪಾತ್ರಧಾರಿಗಳು ಬಣ್ಣ ಹಚ್ಚಿಕೊಳ್ಳುತ್ತಿದ್ದ ಕೋಣೆ. ಒಳಗೆ ಒಲೆ ಇಡಲು ಕಟ್ಟೆ ಕೂಡ ಇತ್ತು. ಅಡಿಗೆಮನೆ ಹಿಂದೆ ಬರುತ್ತದೆ! ಮೂವತ್ತು ವರ್ಷ ಅದರಲ್ಲಿ ಮೆಣಸಿನಕಾಯಿ ತುಂಬಿಟ್ಟಿದ್ದರು ಎಂಬುದನ್ನು ದಲಾಲರು ಮುಚ್ಚಿಡಲಿಲ್ಲ. ನಾನು ಅದನ್ನು ಕೇಳಿ ಕಾರು-ಖಾರ ಎಂದು ಪ್ರಾಸ ಹುಡುಕಿ ಖುಷಿಪಟ್ಟವನು.

ತಂದ ದಿನವೇ, ಒಂದು ಮೊಳೆ ಕೀಳುವ ಮೊದಲೇ, ಅದರ ಹಣೆಯ ಮೇಲೆ ‘ತಾಯಿಯ ಆಶೀರ್ವಾದ’ ಎಂದು ಬರೆದೆ. ನಿನಗೆ ಕುರ್ಚಿ ಹಾಕಿ ಕೂರಿಸಿದ್ದೆ. ನೀನು ಒಂದೊಂದೇ ಅಕ್ಷರ ಕೂಡಿಸಿ ಓದಿದಿ. ಸಾಲೆಯ ಮುಖ ನೋಡದ ನೀನು ಅಕ್ಷರ ಕಲಿತದ್ದೇ ನನ್ನ ಟ್ರ್ಯಾಕ್ಟರುಗಳಿಂದ. ಅಂಗಡಿಯ ಮುಂದೆ ಬುತ್ತಿ ತಂದು ಕುಳಿತು, ನಾನು ಬರೆದದ್ದನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತಿದ್ದಿ. ಪೇಪರಿನ ಅಕ್ಷರ ತೋರಿಸಿದರೆ “ಇವು ಇರುವಿ ಹಂಗ ಅದಾವ, ಹರದಾಡತಾವ” ಅನ್ನುವಿ. ಗೇಣುದ್ದ ಬರೆದರೆ ಮಾತ್ರ ಓದುವಿ. ‘ಹಿಂದೆ ಬಂದರೆ ಹಾಯಬೇಡ, ಮುಂದೆ ಹೋದರೆ ಕಾಯಬೇಡ’ ಎಂಬ ನನ್ನ ಪ್ರಾಸವನ್ನು ಲಾರಿಯ ಹಿಂದೆ ಓದಿ, “ಚಲೋ ಐತಿ. ಆದ್ರ ಇದಕ್ಕ ಬಿಎ ಓದಬೇಕಿತ್ತೇನು?” ಅಂದಿದ್ದಿ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದನ್ನು ಮಷೀನು ಹಚ್ಚಿ ಉಜ್ಜಿ ನೋಡಿಲ್ಲ. ಹಲಗೆಗಳ ಎಳೆ ಎಳೆಗೂ ಖಾರ ಇಳಿದಿತ್ತು. ಉಜ್ಜುವ ಮಷೀನು ಚಾಲೂ ಮಾಡಿದ ಮೊದಲ ದಿನವೇ ಓಣಿಯ ನಾಯಿಗಳು ಬೇರೆ ಓಣಿಗೆ ಹೋದವು. ನಾಲ್ಕನೆಯ ದಿನ ಆ ಘಟನೆ. ನೀನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಿ. ನಾನು ಗಾಲಿಮನೆಯ ಒಳಗೆ. ನನ್ನ ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡಿದ್ದೆ, ನಿನಗೂ ಒಂದು ಮೂಗಿದೆ ಎಂಬುದು ನೆನಪಾಗಲಿಲ್ಲ. ಅರುಣಾ ಸಾಲೆಯಿಂದ ಬಂದಾಗ ಮೊರ ಬೋರಲು ಬಿದ್ದಿತ್ತು, ಜೋಳ ಪಡಸಾಲೆಯ ತುಂಬ ಚೆಲ್ಲಿತ್ತು, ನೀನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಿ, ತುಟಿ ನೀಲಿ. ದಾವಣಗೆರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದಮ್ಮು-ಕೆಮ್ಮು ಪ್ರಾಸ ಕೂಡುತ್ತದೆ ಎಂದು ನನ್ನ ತಲೆಗೆ ಹೊಳೆಯಿತು, ಅವ್ವಾ. ಇಂಥ ತಲೆಯನ್ನು ಏನು ಮಾಡುವುದು? ಮಷೀನಿನ ಸಪ್ಪಳದಲ್ಲಿ ನಿನ್ನ ಕೆಮ್ಮಾಗಲಿ ಕೂಗಾಗಲಿ ನನಗೆ ಕೇಳಿಸಲಿಲ್ಲ ಎಂದು ಡಾಕ್ಟರರಿಗೆ ಹೇಳಿದೆ, ಅರುಣಾಗೆ ಹೇಳಿದೆ, ಅಕ್ಕನಿಗೆ ಹೇಳಿದೆ. ಅಕ್ಕ ನನ್ನ ಮೇಲೆ ಹರಿಹಾಯ್ದಾಗ ನೀನು ಮುಖದ ಮೇಲಿನ ಆಕ್ಸಿಜನ್ ಬಟ್ಟಲು ಸರಿಸಿ, “ಅಷ್ಟು ಸಪ್ಪಳದಾಗ ಅವಗ ಹೆಂಗ ಕೇಳಿಸಬೇಕು, ಪಾಪ” ಅಂದಿ.

ಆಮೇಲೆ ಎಂಟು ದಿನಕ್ಕೆಂದು ಅಕ್ಕನ ಮನೆಗೆ ಹೋದಿ. “ಎಂಟು ದಿನಕ್ಕ ಎರಡು ಸೀರಿ ಸಾಕು” ಅಂದಿ. ಮಗಳ ಮನೆಯಲ್ಲಿ ಎರಡನೆಯ ಹೊತ್ತು ಊಟಕ್ಕೆ ಕೂರಲು ನಾಚುತ್ತಿದ್ದವಳು ಹನ್ನೊಂದು ತಿಂಗಳಿಂದ ಉಣ್ಣುತ್ತಿದ್ದೀ. ನಿನ್ನ ಉಳಿದ ಸೀರೆಗಳನ್ನು ಮೂರು ನೀರಲ್ಲಿ ಒಗೆಸಿ ಕಳಿಸಿದೆ, ಗಂಟು ಬಿಚ್ಚಿದ ಕೂಡಲೇ ನಿನಗೆ ಕೆಮ್ಮು ಬಂತಂತೆ.

ನಾನು ಆಗಲೇ ಗಾಲಿಮನೆಯನ್ನು ಹೊರಗೆ ಎಳೆಸಬೇಕಿತ್ತು. ಲಗೂ ಮುಗಿಸಿಬಿಡುತ್ತೇನೆ, ಮುಗಿಸಿ ಅದರಲ್ಲೇ ಅವ್ವನನ್ನು ಕರೆತರುತ್ತೇನೆ ಎಂದುಕೊಂಡೆ. ಒಳಗಿನ ಹಲಗೆ ಕಿತ್ತರೆ ಹಿಂದೆ ಇನ್ನೊಂದು ಹಲಗೆ, ಎರಡರ ನಡುವೆ ಸೇರುಗಟ್ಟಲೆ ಮೆಣಸಿನ ಬೀಜ. ಮಳೆಗಾಲದಲ್ಲಿ ನೀರು ಇಳಿದು ನೆಲದ ಸಂದಿಯಲ್ಲಿ ಹದಿನೇಳು ಸಸಿ ಎದ್ದವು. ಗಾಡಿ ಹೊರಡಲಿಲ್ಲ, ಗಾಡಿಯಲ್ಲಿ ಬೆಳೆ ಬಂತು. ಅರುಣಾ ಬಾಯಿಬಿಡದೆ ಕಾಯಿ ಹರಿದು ಚಟ್ನಿ ಅರೆದು ನನ್ನ ತಾಟಿಗೆ ಬಡಿಸಿದಳು. ಅತ್ತ ಕಾರಿಗೆ ಗ್ಯಾರೇಜಿನ ಸಲಾವುದ್ದೀನ ತಗಡು ತಿದ್ದಿ ಬೆಳ್ಳಗೆ ಮೊದಲ ಬಣ್ಣ ಹೊಡೆದ. ನಾನು ಇತ್ತ ಹಲಗೆ ಕಿತ್ತೆ. ಹಸಿ ಬಣ್ಣದ ಮೇಲೆ ಕೆಂಪು ಧೂಳು ಕೂತು ಕಾರಿಗೆ ದಡಾರ ಎದ್ದಂತಾಯಿತು. ಅವನು ಪಾನಾ ಕೆಳಗಿಟ್ಟು, “ಅಣ್ಣಾರ, ಒಂದರ ಜೀವ ಉಳಸ್ರಿ. ಎರಡೂ ನಿಮ್ಮ ಕೈಯಾಗ ಸಾಯಾಕತ್ತಾವ” ಅಂದು ಹೋದವನು ಮತ್ತೆ ಬರಲಿಲ್ಲ.

ಈಗ ಮಾರೋಣವೆಂದರೆ ಬ್ಯಾಡಗಿಯ ದಲಾಲರು ಕೈ ಮುಗಿಯುತ್ತಾರೆ. ಎಳೆಸೋಣವೆಂದರೆ ಅಚ್ಚು ತುಕ್ಕು ತಿಂದು ಮುರಿದಿದೆ. ಒಡೆದರೆ ಮತ್ತೆ ಧೂಳು. ಸುಟ್ಟರೆ ಓಣಿಗೆ ಓಣಿಯೇ ಊರು ಬಿಡಬೇಕು. ಎಂಟು ದಿನದ ಹಿಂದೆ ನಿನ್ನ ಕೋಣೆಗೆ ಸುಣ್ಣ ಹೊಡೆಸಿದೆ, ನೀನು ಬರಬಹುದೆಂಬ ಆಸೆಯಿಂದ. ಮರುದಿನ ಗೋಡೆಗೆ ಕೈ ಇಟ್ಟು ಮೂಸಿ ನೋಡಿದೆ. ಅದೇ. ಹಂಚಿನ ಸಂದಿಯಲ್ಲಿ, ದೇವರ ಜಗುಲಿಯಲ್ಲಿ, ನಿನ್ನ ಹಾಸಿಗೆಯ ಹತ್ತಿಯಲ್ಲಿ ಅದೇ. ಡಾಕ್ಟರರನ್ನು ಮತ್ತೆ ಕೇಳಿದೆ. “ಆ ಮನೆಗೆ ಅವರನ್ನ ಕರಕೊಂಡು ಬರಬ್ಯಾಡ್ರಿ” ಅಂದರು. ಯಾವಾಗಿನವರೆಗೆ ಎಂದು ಕೇಳಿದೆ. ಅವರು ಮುಂದಿನ ಪೇಷಂಟನ್ನು ಕರೆದರು. ಗಾಲಿಮನೆಯ ಹಣೆಯ ಬರಹವೂ ಮಳೆಗೆ ಎದ್ದುಹೋಗಿದೆ. ಖಾರ ಕುಡಿದ ಹಲಗೆಗೆ ಬಣ್ಣ ಹಿಡಿಯುವುದಿಲ್ಲ. ‘ತಾಯಿಯ’ ಎಂಬುದಷ್ಟೇ ಉಳಿದಿದೆ.

ಮಾವನವರಿಗೆ ನಮಸ್ಕಾರ ಹೇಳು. ಅಕ್ಕ ಮಾಡಿದ್ದನ್ನು ಸಂಕೋಚವಿಲ್ಲದೆ ಉಣ್ಣು, ಪಂಪು ಬಿಡಬೇಡ. ಕಾಗದದ ಕೊನೆಗೆ ನಿನ್ನ ಆಶೀರ್ವಾದ ಬೇಡಬೇಕು, ಆದರೆ ಅದನ್ನು ಇಪ್ಪತ್ತು ವರ್ಷ ಕಂಡವರ ಗಾಡಿಗಳ ಮೇಲೆ ಬರೆದು ಖರ್ಚು ಮಾಡಿದ್ದೇನೆ, ಕೇಳಲು ಬಾಯಿ ಬರುವುದಿಲ್ಲ.

ನಿನ್ನ ಮಗ
ಹನುಮೇಶ

ತಾಜಾಕಲಂ: ಅಕ್ಕಾ, ಇದರ ಹಿಂದೆ ಇಟ್ಟ ಕೊನೆಯ ಹಾಳೆಯನ್ನು ನೀನು ಓದಿ ಹೇಳಬೇಡ, ಅವ್ವನ ಕೈಗೆ ಕೊಡು. ಟ್ರ್ಯಾಕ್ಟರಿನ ಮೇಲೆ ಬರೆದ ಹಾಗೆ ದೊಡ್ಡದಾಗಿ ಬರೆದಿದ್ದೇನೆ, ಐದೇ ಮಾತು, ಹಾಳೆ ತುಂಬಿದೆ. ಅವಳೇ ಅಕ್ಷರ ಕೂಡಿಸಿ ಓದಲಿ.

ಅವ್ವಾ, ಕೇಳಿಸಿತ್ತು.
ಒಂದ ಹಲಗಿ ಉಳದಿತ್ತು.