ತೊಳೆದಿಟ್ಟ ಆರು ಬಾಟಲಿ

ಲಾಂಡ್ರಿಯ ಇಸ್ತ್ರಿ ಕೋಣೆ
ಮಂಗಳವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೋರ್ಟಿನಲ್ಲಿ ನಿಂತು ನಿಂತು ನಿನ್ನ ಹಿಮ್ಮಡಿ ನೋಯುತ್ತಿದೆ ಎಂದು ಅಮ್ಮ ಹೇಳಿದಳು. ಕಮ್ಮಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಫೈಲು ಓದುತ್ತಾ ತಿಂದರೆ ಏನು ತಿಂದೆ ಎಂದು ನಾಲಿಗೆಗೂ ತಿಳಿಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಇಳಿದಿದೆ, ಗೊಣಗಾಟ ಮಾತ್ರ ಇಳಿದಿಲ್ಲ.

ಸೋಮವಾರದ ವಿಚಾರಣೆಗೆ ಬಾಟಲಿಗೆ ಹೊಳೆಯ ನೀರು ತುಂಬಿದವರು ಸಾಕ್ಷಿ ಹೇಳಬೇಕು, ಆದರೆ ನನಗೆ ಬಲವಂತವಿಲ್ಲ ಎಂದು ಬರೆದಿದ್ದೀಯ. ನಾನು ಬಾರದಿದ್ದರೆ ಆ ನೀರನ್ನು ಕೋರ್ಟು ಒಪ್ಪುವುದೇ ಇಲ್ಲ ಎಂಬುದನ್ನು ನೀನು ಬರೆಯಲಿಲ್ಲ. ನಿನ್ನ ಗುಮಾಸ್ತರು ಫೋನಿನಲ್ಲಿ ಹೇಳಿದರು. ನಾಲ್ಕು ದಿನದಿಂದ ಉತ್ತರ ಬರೆಯಲು ಕೂತರೆ ಹಳೆಯದೇ ನೆನಪಾಗುತ್ತದೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಇಲ್ಲೇ ಬರೆಯುತ್ತೇನೆ.

ನೀನು ವಕೀಲಿಕೆ ಶುರು ಮಾಡಿದ ವರ್ಷವೇ ನಮ್ಮ ಲಾಂಡ್ರಿಯಲ್ಲಿ ಒಗೆದ ಆಸ್ಪತ್ರೆಯ ಬೆಡ್‌ಶೀಟುಗಳು ಹಳದಿಯಾಗತೊಡಗಿದವು. ಲಾಂಡ್ರಿಯ ಯಜಮಾನರು ನನ್ನನ್ನು ಬೈದರು. ನಾನು ತಲೆ ತಗ್ಗಿಸಿ ಎರಡೆರಡು ಸಲ ಉಜ್ಜಿದೆ. ನೀನೊಬ್ಬಳು ಒಂದು ಶೀಟನ್ನು ಮೂಸಿ ನೋಡಿ, ‘ಇದು ನಿನ್ ಕೈದಲ್ಲ ಕಣೇ, ನೀರಿಂದು’ ಎಂದೆ. ಅದನ್ನೇ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೋಗಿ, ಲಾಂಡ್ರಿಗೆ ನೀರು ಬರುವ ಹೊಳೆಯ ಮೇಲ್ಗಡೆಯ ಬಣ್ಣದ ಕಾರ್ಖಾನೆಯ ಮೇಲೆ ನಿನ್ನ ಮೊದಲ ಅರ್ಜಿ ಹಾಕಿದೆ. ಆಮೇಲೆ ದೊಡ್ಡ ಕಂಪನಿಯವರು ಕರೆದರೂ ಹೋಗದೆ, ಹೊಳೆ, ಕೆರೆ, ಹೊಗೆ ಎಂದು ಅಂಥ ಮೊಕದ್ದಮೆಗಳನ್ನೇ ಹಿಡಿದು ಕೂತೆ. ನಿನ್ನ ಕಕ್ಷಿದಾರರೆಲ್ಲ ಮೀನು, ಕಪ್ಪೆಗಳೇ ಎಂದು ಅಪ್ಪ ಈಗಲೂ ನಗುತ್ತಾರೆ. ಆ ಕಕ್ಷಿದಾರರಲ್ಲಿ ನಾನೂ ಒಬ್ಬಳು ಎಂದು ಅವರಿಗೆ ಹೊಳೆದಿಲ್ಲ.

ಆ ಅರ್ಜಿಗೆಂದು ಲ್ಯಾಬಿಗೆ ಕಳಿಸುವ ನೀರು ತುಂಬಲು ನನಗೆ ಆರು ಬಾಟಲಿ ಕೊಟ್ಟು, ಬಾಟಲಿಯನ್ನು ಹೊಳೆಯ ನೀರಿನಲ್ಲೇ ಮೂರು ಸಲ ಜಾಲಾಡಿಸಿ, ಬಾಯಿಮಟ್ಟ ತುಂಬಿ, ಮಂಜುಗಡ್ಡೆಯಲ್ಲಿಡು ಎಂದು ನೀನು ಹೇಳಿದ್ದೆ. ಕೋರ್ಟಿಗೆ ಹೋಗುವ ವಸ್ತು ಕೊಳಕಾಗಿರಬಾರದು ಎಂದು ನಾನು ಆರೂ ಬಾಟಲಿಗಳನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆ. ಅಷ್ಟು ಥಳಥಳ ಹೊಳೆಯುವುದನ್ನು ಆ ನೀರಿನಲ್ಲಿ ಜಾಲಾಡಿಸಲು ಮನಸ್ಸೇ ಬರಲಿಲ್ಲ, ಹಾಗೇ ತುಂಬಿದೆ. ನೀರಿಗೆ ಬ್ಲೀಚಿಂಗ್ ಬೆರೆತು ಕೆಟ್ಟಿದೆ ಎಂದು ಲ್ಯಾಬಿನವರು ನೋಡುತ್ತಲೇ ಕಂಡುಹಿಡಿದರು. ಮೊಕದ್ದಮೆ ಒಂದು ವರ್ಷ ತಡವಾಯಿತು. ಒಗೆಯೋರ ಕೈಗೆ ಬಾಟಲಿ ಕೊಟ್ರೆ ತೊಳೀದೆ ಬಿಡ್ತಾರಾ ಎಂದು ಬೀದಿಯವರೆಲ್ಲ ಆಡಿಕೊಂಡರು. ನೀನು ಅವರೆದುರಿಗೇ, ‘ತಪ್ಪು ನಂದು. ಯಾಕೆ ಜಾಲಾಡಿಸ್ಬೇಕು ಅಂತ ನಾನೇ ಹೇಳ್ಕೊಟ್ಟಿರ್ಲಿಲ್ಲ’ ಎಂದೆ. ಮರುವಾರ ಇನ್ನೊಬ್ಬರ ಕೈಗೆ ಕೊಡಬಹುದಿತ್ತು. ಮತ್ತೆ ನನಗೇ ಆರು ಬಾಟಲಿ ತಂದುಕೊಟ್ಟೆ. ಆವತ್ತಿನಿಂದ ನೀನು ಹೇಳಿದಂತೆಯೇ ನೀರು ತುಂಬುವುದನ್ನು ಒಂದು ವಾರವೂ ತಪ್ಪಿಸಿಲ್ಲ ಅಕ್ಕಾ. ನನ್ನನ್ನು ಯಾರಾದರೂ ಅಷ್ಟು ನಂಬಿದ್ದು ಅದೇ ಮೊದಲು.

ಅಮ್ಮನ ಆಶೀರ್ವಾದ, ಅಪ್ಪನ ಬುದ್ಧಿಮಾತು ಎರಡನ್ನೂ ಇದೇ ಲಕೋಟೆಯಲ್ಲಿ ಕಳಿಸಿದ್ದೇನೆ. ನಿನ್ನ ಗುಮಾಸ್ತರಿಗೆ ನಮಸ್ಕಾರ ಹೇಳು. ಹಿಮ್ಮಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ,
ಗುಮ್ಮನಗುಸುಕಿ

ಮ. ವಿ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಸಾಕ್ಷಿ ಹೇಳುತ್ತೇನೆ. ಕಾರ್ಖಾನೆಯ ವಕೀಲರು ಮೊದಲ ಬಾಟಲಿಗಳನ್ನು ಕೆದಕಿ ನನ್ನನ್ನು ನಗೆಪಾಟಲು ಮಾಡುತ್ತಾರೆಂದೇ ನೀನು ಒತ್ತಾಯ ಮಾಡಲಿಲ್ಲ ಎಂದು ನನಗೆ ಗೊತ್ತು. ಕೇಳಲಿ. ಅಕ್ಕ ಹೇಳಿದ್ದಳು, ಕೇಳದೆ ತೊಳೆದವಳು ನಾನು, ಆಮೇಲೆ ಕಲಿತೆ ಎಂದು ಎಲ್ಲರೆದುರಿಗೆ ಹೇಳುತ್ತೇನೆ. ಆಗ ಮಾತ್ರ ನೀನು ಎದ್ದು ನಿಂತು ತಪ್ಪು ನಿನ್ನದು ಎನ್ನಬೇಡ.