ಹಿಂದೆ ನಿಂತಿದ್ದ ಭಾವ

ಅಕ್ಕನಿಗೆ,

ಭಾವ ಹೋದ ಮೇಲೆ ನೀನು ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೊ ಕೇಳಿದ್ದೆ. ನಿನ್ನ ಮಗಳ ಮದುವೆಯಲ್ಲಿ ನಾನು ತೆಗೆದ ಒಂಬೈನೂರ ನಲವತ್ತು ಫೋಟೊಗಳನ್ನೂ ಮೂರು ದಿನ ಕೂತು ನೋಡಿದೆ. ಭಾವ ಇಪ್ಪತ್ತಾರರಲ್ಲಿ ಇದ್ದಾರೆ. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಮಸುಕು.

ತಪ್ಪು ನನ್ನದೇ. ಅವತ್ತು ನಿಂತಲ್ಲಿಂದಲೇ ಉದ್ದನೆಯ ಲೆನ್ಸ್ ಹಾಕಿದ್ದೆ. ಅದರಲ್ಲಿ ಮದುಮಗಳ ರೆಪ್ಪೆಗೂದಲು ಎಣಿಸಬಹುದು, ಎರಡು ಮಾರು ಹಿಂದಿದ್ದವರು ಕರಗಿಹೋಗುತ್ತಾರೆ. ಅಲ್ಲಿಂದಲೇ ಗಿಡ್ಡನೆಯ ಲೆನ್ಸ್ ಹಾಕಿದ್ದರೆ ಹಿಂದಿನ ಸಾಲೂ ಸ್ಪಷ್ಟವಾಗಿ ಬರುತ್ತಿತ್ತು. "ಭಾವ, ಸ್ವಲ್ಪ ಮುಂದೆ ಬನ್ನಿ" ಅಂತ ಕರೆದೆ. "ನನ್ನ ಮೋರೆ ಯಾರಿಗೆ ಬೇಕಪ್ಪ, ಅವಳದ್ದು ತೆಗಿ" ಅಂದರು. ಕೆಲಸ ಹಗುರಾಯಿತೆಂದು ನಾನೂ ಸುಮ್ಮನಾದೆ.

ಬೇರೆ ಸ್ಟುಡಿಯೋದವರು ಸರಿ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡ. ಕಂಪ್ಯೂಟರಿನಲ್ಲಿ ಯಾರದೋ ಕಣ್ಣು ಮೂಗು ಅಂಟಿಸಿ ಕಳಿಸುತ್ತಾರೆ.

ಸ್ಪಷ್ಟವಾಗಿರುವುದು ಅವರ ಲೈಸೆನ್ಸಿನ ಫೋಟೊ ಒಂದೇ. ಅದರಲ್ಲಿ ಯಾರ ಮೇಲೋ ಸಿಡುಕುತ್ತಿರುವ ಹಾಗಿದ್ದಾರೆ. ಮದುವೆಯದರಲ್ಲಿ ಕಣ್ಣು ಮೂಗು ತಿಳಿಯುವುದಿಲ್ಲ, ಆದರೆ ಮಗಳನ್ನು ನೋಡಿ ನಗುತ್ತಿದ್ದಾರೆ ಅನ್ನುವುದು ತಿಳಿಯುತ್ತದೆ.

ಯಾವುದನ್ನು ದೊಡ್ಡದು ಮಾಡಲಿ, ನೀನೇ ಹೇಳು. ನನ್ನಿಂದ ಆರಿಸಲು ಆಗಲಿಲ್ಲ.

ನಿನ್ನ ತಮ್ಮ