ಚಂದ್ರಾಮನ ಬಿಲ್ಡಿಂಗ್

ಡಿ. 3, ಬುಧವಾರ
ಬೆಳಿಗ್ಗೆ ನಮ್ಮ ಬಡಾವಣೆ ಕೋಪರಿಯಿಂದ ಬಸ್ ಹೊರಟಿತು. ಮುಂಬೈ ದರ್ಶನ, ಕನ್ನಡದ ಗೈಡ್ ನಾನೇ. ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ, ಮಧ್ಯೆ ಹೀರೋನ ಬಂಗಲೆ. ಯಾವ ಬಂಗಲೆ ಮುಂದೆ ಟ್ರಾಫಿಕ್ ನಿಂತಿತೋ ಅದೇ ಹೀರೋನದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಬಸ್ ತುಂಬಿಸುತ್ತೇನೆ. ಜನಕ್ಕೆ ಫೋಟೋ ಸಿಕ್ಕಿತು. ಯಾರಿಗೇನು ನಷ್ಟ?

ಡಿ. 7, ಭಾನುವಾರ
ನಮ್ಮೂರಿಂದ ಬಂದ ಹೆಣ್ಣುಮಕ್ಕಳ ಬಸ್. ಸತ್ಯಮ್ಮತ್ತೆಯೂ ಬಂದಿದ್ದಳು. ಅವಳ ಮಗ ಚಂದ್ರಾಮ ನನ್ನ ಗೆಳೆಯ. ಹೋದ ವರ್ಷ ಘೋಡಬಂದರ್ ರಸ್ತೆಯಲ್ಲಿ ಬಹುಮಹಡಿ ಟವರ್ ಕಟ್ಟುವ ಕೆಲಸದಲ್ಲಿ ಬಿದ್ದು ಸತ್ತ. ಹೆಣ ಊರಿಗೆ ಹೋಯಿತು, ಜಾಗ ಅವಳು ನೋಡಿಲ್ಲ.
"ಸಮುದ್ರ ಹಿಂದಾಗಡಿ ನೋಡಿದ್ರಾಯ್ತು ರೇವಣಾ. ನನ್ನ ಮಗ ಬಿದ್ದ ಜಾಗಾ ಮೊದಲ ತೋರ್ಸಪಾ."
ಯಾವ ಟವರೋ ನನಗೆ ಗೊತ್ತಿಲ್ಲ. ಆ ಕಡೆ ಜಾಮ್ ಬೇರೆ. ಡ್ರೈವರ್ "ಲೇಟ್ ಹೋ ರಹಾ ಹೈ" ಅಂತ ಗೊಣಗುತ್ತಿದ್ದ. ಹೈವೇ ಪಕ್ಕ ಒಂದು ಟವರ್ ಕಂಡಿತು. ಬಾಯಿಗೆ ರೂಢಿ…
"ಅದೇ ನೋಡ್ರಿ ಅತ್ತಿ."
ಬಸ್ ನಿಲ್ಲಿಸಿದಳು. ಕಾಂಪೌಂಡಿಗೆ ಕುಂಕುಮ ಹಚ್ಚಿ, ರೊಟ್ಟಿ ಎಡೆ ಇಟ್ಟು, ಗೋಡೆಗೆ ಕೆನ್ನೆ ಒತ್ತಿ ಅತ್ತಳು. ಬೈಯಲು ಬಂದ ವಾಚ್‌ಮನ್ ಟೋಪಿ ತೆಗೆದ. ಆಗಲಾದರೂ ಹೇಳಬೇಕಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಡಿ. 9
ಚಂದ್ರಾಮನ ಮೇಸ್ತ್ರಿ ಲೋಕನಾಥನಿಗೆ ಫೋನ್ ಮಾಡಿ ಕೇಳಿದೆ. ಸರಿಯಾದ ಟವರಿಗೆ ಹೋಗಿ ಬಂದೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದೆ. ಒಂದು ಫೋನ್. ಅಷ್ಟೇ ಸಾಕಿತ್ತು ಅವತ್ತು. ನಾಚಿಕೆಯಾಯಿತು.

ಡಿ. 15
ಅತ್ತೆಯ ಫೋನ್. ಆ ಗೋಡೆ ಬುಡದ ಮಣ್ಣು ಸೆರಗಿಗೆ ಕಟ್ಟಿಕೊಂಡು ಹೋಗಿದ್ದಾಳೆ. ಮಗನ ಸಮಾಧಿ ಮೇಲೆ ಹಾಕಿದಳಂತೆ.
"ನಿನ್ನ ಉಪಕಾರ ಮರಿಯಂಗಿಲ್ಲ ರೇವಣಾ. ಈಗ ನಿದ್ದಿ ಬರ್ತದ."
ಹೇಳಿದರೆ ಆ ನಿದ್ದೆಯೂ ಹೋಗುತ್ತದೆ. ಹೇಳದಿದ್ದರೆ… "ಊಟ ಆತೇನ್ರಿ" ಅಂದು ಫೋನ್ ಇಟ್ಟೆ.

ಜ. 18, ಭಾನುವಾರ
ಮತ್ತೆ ನಮ್ಮೂರ ಬಸ್. ಮೈಕ್ ಹಿಡಿದು ಗೇಟ್‌ವೇ ಬಗ್ಗೆ ಶುರು ಮಾಡಿದೆ. ಊರಲ್ಲಿ ಅತ್ತೆಯ ಪಕ್ಕದ ಮನೆಯ ಮಾಲಾ ಹಿಂದಿನ ಸೀಟಿನಿಂದ ಕೂಗಿದಳು —
"ಅದು ಇರ್ಲಿ. ಮೊದಲ ಚಂದ್ರಾಮನ ಬಿಲ್ಡಿಂಗ್. ಸತ್ಯಮ್ಮ ಕಾಯಿ ಕೊಟ್ಟು ಕಳಿಸ್ಯಾಳ."
ಎಲ್ಲರೂ ಕಿಟಕಿಗೆ ಮುಖ ಹಚ್ಚಿದರು. ನಾನು ಮೈಕ್ ಕೆಳಗಿಟ್ಟೆ. ಹೋದ ಸಲದ ಅದೇ ಟವರ್ ಮುಂದೆ ಡ್ರೈವರ್ ತಾನೇ ಬಸ್ ಸೈಡಿಗೆ ಹಾಕಿದ. ಮೊಬೈಲ್ ಹಿಡಿದು ಇಳಿದರು. ಫೋಟೋ ಮೇಲೆ ಫೋಟೋ. ಮಾಲಾ ಕಾಯಿ ನನ್ನ ಕೈಗಿಟ್ಟಳು.
"ನೀನೇ ಒಡಿ. ಅವನ ಗೆಳ್ಯಾ ಅಲ್ಲೇನು?"
ಒಡೆದೆ. ಮಾಲಾ ಎಲ್ಲರಿಗೂ ಹಂಚಿದಳು. ನನಗೂ ಒಂದು ಚೂರು ಕೊಟ್ಟು, ಪ್ರಸಾದ, ತಿನ್ನು ಅಂದಳು. ಎಲ್ಲರೂ ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡೆ. ನುಂಗಿ, ಬಸ್ ಹತ್ತಿ ಮತ್ತೆ ಮೈಕ್ ಹಿಡಿದೆ.